ಒಣಗಿ ಸಂದು ಬಿಟ್ಟ ಮರದ ದೋಣಿ: ನೀರಿಗಿಳಿಸುವ ಮುಂಚೆ ಸಂದುಗಳಿಗೆ ಪುಟ್ಟಿ ತುಂಬಬೇಕಾ?

ಬೇಡ. ಗಟ್ಟಿಯಾಗುವ ಪುಟ್ಟಿ, ಎಪಾಕ್ಸಿ ಅಂಟು ಯಾವುದನ್ನೂ ತುಂಬಬೇಡಿ. ಮೊದಲು ಹಲಗೆಗಳಿಗೆ ನಿಧಾನವಾಗಿ ನೀರು ಕುಡಿಸಿ. ಬಹುತೇಕ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಮರ ಒಣಗಿದಾಗ ಉದ್ದದಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅಗಲದಲ್ಲಿ ಮಾತ್ರ ಕುಗ್ಗುತ್ತದೆ. ಅದಕ್ಕೇ ಹಲಗೆಗಳ ನಡುವೆ ಸಂದು ಬೀಳುವುದು. ನೀರು ಹೀರಿದರೆ ಅವು ಮತ್ತೆ ಹಿಗ್ಗಿ ಒಂದಕ್ಕೊಂದು ಒತ್ತಿ ಕೂರುತ್ತವೆ. ನಡುವೆ ಗಟ್ಟಿ ಪುಟ್ಟಿ ಇದ್ದರೆ ಹಿಗ್ಗಲು ಜಾಗವೆಲ್ಲಿ? ಆ ಒತ್ತಡಕ್ಕೆ ಮೊಳೆಗಳು ಸಡಿಲವಾಗುತ್ತವೆ, ದೋಣಿಯೊಳಗಿನ ಪಕ್ಕೆಗಳೂ ಸೀಳಬಹುದು. ಒಳ್ಳೆಯ ದೋಣಿ ಹೀಗೆ ಹಾಳಾದರೆ ನಿಜಕ್ಕೂ ಸಂಕಟವಾಗುತ್ತದೆ.

ಒಳಗೆ ಒದ್ದೆ ಗೋಣಿಚೀಲ ಹಾಸಿ, ನೆರಳಲ್ಲಿಟ್ಟು, ಕೆಲವು ದಿನ ಆಗಾಗ ನೀರು ಚಿಮುಕಿಸಿ. ಬೇಗ ಆಗಲಿ ಅಂತ ದಡದಲ್ಲೇ ದೋಣಿಯ ತುಂಬ ನೀರು ಸುರಿಯಬೇಡಿ. 500 ಲೀಟರ್ ನೀರು ಅಂದರೆ ಅರ್ಧ ಟನ್ ಭಾರ, ಅಲ್ವಾ? ತೇಲುವಾಗ ಹೊರಗಿನ ನೀರು ದೋಣಿಯನ್ನು ಎಲ್ಲ ಕಡೆಯಿಂದ ತಾಂಗುತ್ತದೆ. ದಡದಲ್ಲಿ ಆ ಆಸರೆ ಇರುವುದಿಲ್ಲ.

ಕೊಳೆತ ಮರ, ತುಕ್ಕು ಹಿಡಿದ ಮೊಳೆ, ನೀರು ಸೋರದಂತೆ ಸಂದಿಗೆ ತುರುಕಿದ್ದು ಈಗ ಉದುರಿದ ಹತ್ತಿ ಇದ್ದರೆ ಅವನ್ನು ಮೊದಲೇ ಸರಿಪಡಿಸಿ. ನೆನೆಸಿದರೆ ಅವು ಸರಿಹೋಗುವುದಿಲ್ಲ. ಹೊಸ ಹತ್ತಿಯನ್ನು ಜಾಸ್ತಿ ಬಿಗಿಯಾಗಿ ತುರುಕಬೇಡಿ.

ಆಮೇಲೆ ಆಳವಿಲ್ಲದ ಕಡೆ ಇಳಿಸಿ ಕಟ್ಟಿ, ಪಂಪ್ ಇಟ್ಟುಕೊಂಡು ಕಾಯಿರಿ. ಮೊದಲ ಒಂದೆರಡು ದಿನ ಚೆನ್ನಾಗಿಯೇ ಸೋರುತ್ತದೆ, ಗಾಬರಿಯಾಗಬೇಡಿ. ಒಂದು ವಾರವಾದರೂ ಸೋರಿಕೆ ಇಳಿಯದಿದ್ದರೆ ಮೇಲಕ್ಕೆತ್ತಿ ನೋಡಬೇಕು.

ಇದೆಲ್ಲ ಹಲಗೆ ಜೋಡಿಸಿದ ದೋಣಿಗೆ ಮಾತ್ರ. ಪ್ಲೈವುಡ್ ದೋಣಿಗೆ ಹೊಂದುವುದಿಲ್ಲ.