ಹಾಸ್ಟೆಲಲ್ಲಿ ನಿದ್ರೆ ಬರುದಿಲ್ಲ, ಯಾರತ್ರ ಹೇಳುದು? ಕಾಲೇಜು ಮಕ್ಕಳ ಪ್ರಶ್ನೆಗಳಿಗೆ ಡಾಕ್ಟರ್ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನದ್ದು ಕಾಲೇಜು, ಯೂನಿವರ್ಸಿಟಿಯಲ್ಲಿ ಓದುವ ಮಕ್ಕಳದ್ದು, ಇಲ್ಲಾಂದ್ರೆ ಅವರ ಮನೆಯವರದ್ದು. ಹಾಗಾಗಿ ಬಿಪಿ, ಶುಗರ್ ವಿಷಯ ಕೇಳಿದ ಹಿರಿಯರು ಮುಂದಿನ ಸಲದ ತನಕ ಕಾಯ್ಬೇಕು. ಯಾರ ಹೆಸರೂ ಹಾಕ್ಲಿಲ್ಲ, ಊರಿನ ಬದಿ ಮಾತ್ರ ಹಾಕಿದ್ದೇನೆ.

ಬದಿಯಡ್ಕ ಕಡೆಯ ವಿದ್ಯಾರ್ಥಿ: ಡಾಕ್ಟ್ರೇ, ನಾನು ಹತ್ತನೇ ತನಕ ಕನ್ನಡ ಮೀಡಿಯಂ. ಈಗ ಕಾಸರಗೋಡಿನ ಕ್ಯಾಂಪಸಲ್ಲಿ ಪೀಜಿ ಓದ್ತಿದ್ದೇನೆ, ಹಾಸ್ಟೆಲಲ್ಲಿ ಇದ್ದೇನೆ. ಕ್ಲಾಸು ಇಂಗ್ಲಿಷಲ್ಲಿ, ರೂಮಲ್ಲಿ ಮಲಯಾಳ, ಹಿಂದಿ. ಮಲಯಾಳ ಅರ್ಥ ಆಗ್ತದೆ, ಆದ್ರೆ ಎಲ್ಲರೂ ನಗುವಾಗ ನಾನು ನಗುದು ಒಂದು ಸೆಕೆಂಡು ಲೇಟು. ಎರಡು ತಿಂಗಳಿಂದ ರಾತ್ರಿ ಮೂರು ಗಂಟೆ ತನಕ ನಿದ್ರೆ ಇಲ್ಲ, ಬೆಳಗ್ಗಿನ ಕ್ಲಾಸು ತಪ್ತದೆ, ಹೊಟ್ಟೆ ಉರಿ, ಸೆಮಿನಾರ್ ಅಂದ್ರೆ ಎದೆ ಡವಡವ. ಕೌನ್ಸಿಲರ್ ಇದ್ದಾರೆ, ಆದ್ರೆ ಅವರತ್ರ ಇಂಗ್ಲಿಷಲ್ಲಿ ಎಂತ ಹೇಳುದು? ಮನೆಗೆ ಗೊತ್ತಾದ್ರೆ ಓದು ಬಿಟ್ಟು ಬಾ ಅಂತಾರೆ. ನನಗೆ ತಲೆ ಕೆಟ್ಟಿದ್ಯಾ?

ಕೊನೆಯ ಪ್ರಶ್ನೆಗೆ ಮೊದಲು ಹೇಳ್ತೇನೆ, ಇಲ್ಲ ತಮ್ಮಾ, ತಲೆ ಕೆಡ್ಲಿಲ್ಲ. ನಗುದು ಒಂದು ಸೆಕೆಂಡು ಲೇಟು ಅಂತ ಬರ್ದಿದ್ದಿ ಅಲ್ವಾ, ನಿನ್ನ ಪತ್ರದಲ್ಲಿ ನಾನು ತುಂಬ ಹೊತ್ತು ನಿಂತದ್ದು ಅಲ್ಲಿಯೇ. ಬೆಳಗ್ಗಿಂದ ರಾತ್ರಿ ತನಕ ಕೇಳಿದ್ದನ್ನೆಲ್ಲ ಮನಸ್ಸಲ್ಲಿ ಕನ್ನಡ ಮಾಡಿ, ಉತ್ತರವೂ ಕನ್ನಡದಲ್ಲೇ ಹುಟ್ಟಿ, ಪುನಃ ಅದನ್ನ ಇಂಗ್ಲಿಷಿಗೆ ತಿರುಗಿಸಿ ಬಾಯಿಗೆ ತರುವಷ್ಟರಲ್ಲಿ ಮಾತು ಮುಂದೆ ಹೋಗಿರ್ತದೆ, ಇದು ದಿನಾ ಆದ್ರೆ ಎಂಥ ಹುಷಾರಿ ಮಕ್ಕಳಿಗೂ ಸಂಜೆಗೆ ಸಾಕಾಗಿ ಹೋಗ್ತದೆ. ನಮ್ಮ ಕನ್ನಡ ಮೀಡಿಯಂ ಮಕ್ಕಳು ಇದನ್ನ ತಮ್ಮ ದಡ್ಡತನ ಅಂತ ತಿಳ್ಕೊಳ್ತಾರೆ, ಅದು ನನಗೆ ತುಂಬ ಬೇಜಾರಿನ ವಿಷಯ. ಅದು ದಡ್ಡತನ ಅಲ್ಲ, ಹೆಚ್ಚುವರಿ ಕೆಲಸ. ಉಳಿದವರು ಮಾಡದ ಒಂದು ಕೆಲಸ ನೀನು ದಿನವಿಡೀ ಮಾಡ್ತಿದ್ದಿ.

ಆದ್ರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುದು ಬೇಡ, ಶರೀರವನ್ನೂ ನೋಡುವ. ನೀನು ಬರೀಲಿಲ್ಲ, ಆದ್ರೂ ಕೇಳ್ತೇನೆ, ರಾತ್ರಿ ಕಟ್ಟನ್ ಚಾಯ, ಅಂದ್ರೆ ಹಾಲು ಹಾಕದ ಚಾಯ, ಉಂಟಾ? ಹಾಸ್ಟೆಲಲ್ಲಿ ಹತ್ತು ಗಂಟೆಗೆ ಕೆಟಲಲ್ಲಿ ಕಟ್ಟನ್ ಮಾಡಿ ಕುಡಿಯುದು ಸಾಮಾನ್ಯ. ಚಾಯದಲ್ಲಿ, ಕಾಫಿಯಲ್ಲಿ ಇರುವ ಕೆಫೀನ್ ಅರ್ಧ ಇಳೀಲಿಕ್ಕೇ ಸಾಧಾರಣ 5 ಗಂಟೆ ಬೇಕು, ಅಂದ್ರೆ ಹತ್ತಕ್ಕೆ ಕುಡಿದದ್ದರ ಅರ್ಧ ಮೂರು ಗಂಟೆಗೂ ನಿನ್ನ ಒಳಗೆ ಉಂಟು. ಮಧ್ಯಾಹ್ನ ಮೂರರ ನಂತರ ಚಾಯ ಬಿಡು. ಇನ್ನು ಹೊಟ್ಟೆ ಉರಿ. ರಾತ್ರಿ ಎಂಟಕ್ಕೆ ಊಟ, ಬೆಳಗ್ಗೆ ಎದ್ದೇಳುವಾಗ ಮೆಸ್ಸಿನ ತಿಂಡಿ ಮುಗಿದಿರ್ತದೆ, ಮತ್ತೆ ಮಧ್ಯಾಹ್ನ ಒಂದಕ್ಕೆ ಊಟ. ಲೆಕ್ಕ ಹಾಕಿ ನೋಡು, 17 ಗಂಟೆ ಖಾಲಿ ಹೊಟ್ಟೆ, ಅದರ ಮಧ್ಯ ಚಾಯ. ಉರಿಯದೆ ಮತ್ತೆಂತ ಆಗ್ತದೆ? ರೂಮಲ್ಲಿ ಒಂದು ಡಬ್ಬಿಯಲ್ಲಿ ಅವಲಕ್ಕಿ, ನೆಲಗಡಲೆ, ಎರಡು ಬಾಳೆಹಣ್ಣು ಇಟ್ಕೋ, ಎದ್ದ ಕೂಡ್ಲೆ ಅದನ್ನ ತಿನ್ನು, ಕ್ಲಾಸಿಗೆ ಲೇಟಾದ್ರೂ ತಿಂದೇ ಹೋಗು.

ನಿದ್ರೆಗೆ ನಾನು ಹೇಳುದು ಮಲಗುವ ಹೊತ್ತಿನ ವಿಷಯ ಅಲ್ಲ, ಏಳುವ ಹೊತ್ತಿನದ್ದು. ರಾತ್ರಿ ಎಷ್ಟಕ್ಕೇ ಮಲಗಿದ್ರೂ ಬೆಳಗ್ಗೆ ಏಳು ಗಂಟೆಗೆ ಎದ್ದು ಹೊರಗೆ ಬಿಸಿಲಿಗೆ ಹೋಗ್ಬೇಕು, ಆದಿತ್ಯವಾರ ಕೂಡ. ಮಧ್ಯಾಹ್ನ ಮಲಗುದಿದ್ರೆ ಅರ್ಧ ಗಂಟೆ, ಹೆಚ್ಚು ಬೇಡ. ರಾತ್ರಿ ಹಾಸಿಗೆಗೆ ಹೋಗಿ ಇಪ್ಪತ್ತು ನಿಮಿಷದಲ್ಲಿ ನಿದ್ರೆ ಬರದಿದ್ರೆ ಎದ್ದು ಕೂತ್ಕೋ, ಸಪ್ಪೆ ಪುಸ್ತಕ ಯಾವುದಾದ್ರೂ ಓದು, ಫೋನು ಮಾತ್ರ ಬೇಡ, ನಿದ್ರೆ ತೂಗಿದ ಮೇಲೆ ಪುನಃ ಮಲಗು. ಮೊದಲ ವಾರ ಈಗಿದ್ದದಕ್ಕಿಂತ ಜಾಸ್ತಿ ಸುಸ್ತಾಗ್ತದೆ, ಅಲ್ಲಿಯೇ ಎಲ್ಲರೂ ಬಿಡುದು, ನೀನು ಬಿಡ್ಬೇಡ. ನಿನ್ನ ಪ್ರಾಯಕ್ಕೆ 7ರಿಂದ 9 ಗಂಟೆ ನಿದ್ರೆ ಬೇಕು. ರೂಂಮೇಟಿನ ಹತ್ರ ನಿದ್ರೆ ಮಾತ್ರೆ ಇದ್ರೂ ಅದನ್ನ ತಕೊಳ್ಳಲೇಬಾರ್ದು. ಸರಕಾರಿ ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸು, ಥೈರಾಯ್ಡ್ ಹೆಚ್ಚಾದ್ರೂ ಎದೆ ಡವಡವ, ನಿದ್ರೆ ಇಲ್ಲದ್ದು ಎಲ್ಲ ಆಗ್ತದೆ.

ಸೆಮಿನಾರಿನ ದಿವಸ ಎದೆ ಹೊಡ್ಕೊಂಡ್ರೆ ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮೇಲೆ ಹೋಗಿ ಮತ್ತೆ ತಾನಾಗಿ ಇಳೀತದೆ. ಉಸಿರು ತಕೊಂಡದ್ದಕ್ಕಿಂತ ಬಿಡುದು ಉದ್ದ ಇರ್ಲಿ. ಮತ್ತೆ ಸೆಮಿನಾರನ್ನ ಮೊದಲು ಕನ್ನಡದಲ್ಲಿ ಜೋರಾಗಿ ಹೇಳಿ ನೋಡು. ವಿಷಯ ಗಟ್ಟಿ ಆದ್ರೆ ಇಂಗ್ಲಿಷ್ ಹಿಂದಿಂದ ಬರ್ತದೆ.

ಕೌನ್ಸಿಲರ್ ವಿಷಯಕ್ಕೆ ಬರ್ತೇನೆ. ನನಗೆ ಬರೆದ ಈ ಪತ್ರವನ್ನೇ ಪ್ರಿಂಟ್ ತೆಗೆದು ತಕೊಂಡು ಹೋಗು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡವೋ ತುಳುವೋ ಗೊತ್ತಿರುವ ಸಿಬ್ಬಂದಿ ಹುಡುಕಿದ್ರೆ ಸಿಗ್ತಾರೆ, ಕೇಳ್ಲಿಕ್ಕೆ ನಾಚ್ಕೆ ಬೇಡ. ಯಾರೂ ಇಲ್ಲದಿದ್ರೆ ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಫೋನಿನ ಸಹಾಯವಾಣಿ ಉಂಟು, ನಂಬರ್ 14416. ಕೇಂದ್ರ ಸರಕಾರ 2022ರ ಅಕ್ಟೋಬರಲ್ಲಿ ಶುರು ಮಾಡಿದ್ದು, ದಿನದ 24 ಗಂಟೆಯೂ ಫ್ರೀ, ಭಾಷೆ ಆರಿಸ್ಲಿಕ್ಕೆ ಆಗ್ತದೆ, ಕನ್ನಡವೂ ಉಂಟು. ಇದು ಔದಾರ್ಯ ಅಂತ ತಿಳ್ಕೊಳ್ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಗೆ ಅರ್ಥ ಆಗುವ ಭಾಷೆಯಲ್ಲೇ ಮಾಹಿತಿ ಕೊಡ್ಬೇಕು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಇರುವ ಕೌನ್ಸಿಲರೋ ಸೈಕಾಲಜಿಸ್ಟೋ ಸೋಶಿಯಲ್ ವರ್ಕರೋ ಒಬ್ಬರಾದ್ರೂ ಇರ್ಲೇಬೇಕು ಅಂತ ಹೇಳಿದೆ. ಕಾಸರಗೋಡಿನ ಕ್ಯಾಂಪಸಿಗೆ ವಾರಕ್ಕೊಂದು ದಿವಸ ಆದ್ರೂ ಕನ್ನಡ ಬಲ್ಲ ಕೌನ್ಸಿಲರ್ ಬೇಕು ಅಂತ ನೀವು ನಾಲ್ಕು ಜನ ಕನ್ನಡ ಮಕ್ಕಳು ಸೇರಿ ಒಂದು ಅರ್ಜಿ ಬರೀರಿ, ಅದು ಅಧಿಕಪ್ರಸಂಗ ಅಲ್ಲ.

ಮನೆಯವರ ವಿಷಯ. ನಿನಗೆ 18 ದಾಟಿದೆ, ನೀನು ಕೌನ್ಸಿಲರಿಗೋ ಡಾಕ್ಟರಿಗೋ ಹೇಳಿದ್ದನ್ನ ಅವರು ಗುಟ್ಟಾಗಿ ಇಡ್ಬೇಕಾದ್ದು ಕಾನೂನು, ಜೀವಕ್ಕೆ ಅಪಾಯ ಅಂತ ಕಂಡ್ರೆ ಮಾತ್ರ ಬೇರೆ. ಆದ್ರೂ ಅಕ್ಕನೋ ಸೋದರಮಾವನೋ, ಬೈಯದೆ ಕೇಳುವವರು ಒಬ್ಬರಿಗೆ ಹೇಳಿಡು. ಮತ್ತೆ ಇಷ್ಟು ಮಾಡಿದ ಮೇಲೂ ಎರಡು ವಾರ ದಿನದ ಹೆಚ್ಚಿನ ಹೊತ್ತು ಬೇಜಾರು, ಮೊದಲು ಖುಷಿ ಕೊಡ್ತಿದ್ದ ಯಾವುದರಲ್ಲೂ ಮನಸ್ಸಿಲ್ಲ ಅಂತಾದ್ರೆ ಡಾಕ್ಟರನ್ನೇ ನೋಡ್ಬೇಕು. ಮದ್ದು ಬೇಕಾದ್ರೆ ಹೆದ್ರಬೇಡ, ಖಿನ್ನತೆಯ ಮಾತ್ರೆಗಳು ಕೆಲಸ ಶುರು ಮಾಡ್ಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು, ನಿದ್ರೆ ಮಾತ್ರೆಯ ಹಾಗೆ ಚಟ ಹಿಡಿಸುದಿಲ್ಲ, ಆದ್ರೆ ಡಾಕ್ಟರಲ್ಲಿ ಕೇಳದೆ ಒಮ್ಮೆಲೇ ನಿಲ್ಲಿಸ್ಬಾರ್ದು.

ಕಾಸರಗೋಡಿನ ಕಾಲೇಜೊಂದರ ಅಧ್ಯಾಪಕಿ: ಒಬ್ಬಳು ವಿದ್ಯಾರ್ಥಿನಿ ರಾತ್ರಿ "ಬದುಕಿ ಎಂತ ಪ್ರಯೋಜನ ಮೇಡಂ" ಅಂತ ಮೆಸೇಜ್ ಮಾಡಿದ್ಳು. ಮರುದಿವಸ ಕೇಳಿದಾಗ ಸುಮ್ನೆ ಅಂದ್ಳು. ನಾನು ಹೆಚ್ಚು ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗ್ತದಾ?

ಆಗುದಿಲ್ಲ ಮೇಡಂ. ಕೇಳುದ್ರಿಂದ ಆ ಯೋಚನೆ ಹುಟ್ಟುದಿಲ್ಲ, ಕೇಳಿದ್ರೆ ಹೇಳ್ಲಿಕ್ಕೆ ಒಬ್ಬರು ಸಿಕ್ಕಿದ್ರು ಅಂತ ಹೆಚ್ಚಿನವರಿಗೆ ಹಗುರ ಆಗ್ತದೆ. ಹಾಗಾಗಿ ಇವತ್ತೇ ಪುನಃ ಕೇಳಿ. ಸ್ಟಾಫ್ ರೂಮಿನಲ್ಲಿ ಹತ್ತು ಜನರ ಎದುರು ಬೇಡ, ಕಾರಿಡಾರಲ್ಲಿ ನಡ್ಕೊಂಡು ಹೋಗುವಾಗ ಬೇಡ, ಇಬ್ಬರೇ ಕೂತು, ನೇರವಾಗಿ, "ಜೀವ ತೆಗೀಬೇಕು ಅಂತ ಯೋಚನೆ ಬಂದಿದ್ಯಾ ಮಗಳೇ" ಅಂತಲೇ ಕೇಳಿ. ಹೌದು ಅಂದ್ರೆ ಹೇಗೆ, ಯಾವಾಗ ಅಂತ ಎಂತಾದ್ರೂ ಯೋಚಿಸಿದ್ದಾಳಾ ಅದನ್ನೂ ಕೇಳ್ಬೇಕು. ಅಲ್ಲಿ ಬುದ್ಧಿವಾದ ಬೇಡ. ಅಪ್ಪ ಅಮ್ಮನ ಮುಖ ನೋಡು, ಎಷ್ಟು ಕಷ್ಟಪಟ್ಟು ಓದಿಸ್ತಾರೆ ಅಂತ ನಾವು ಒಳ್ಳೇ ಮನಸ್ಸಿಂದಲೇ ಹೇಳ್ತೇವೆ, ಆದ್ರೆ ನಾನು ಎಲ್ಲರಿಗೂ ಭಾರ ಅಂತ ಮೊದಲೇ ನಂಬಿದ ಹುಡುಗಿಗೆ ಅದು ಇನ್ನೂ ಭಾರ ಮಾಡ್ತದೆ.

ಅಪಾಯ ಉಂಟು ಅಂತ ಅನ್ನಿಸಿದ್ರೆ ಅವಳನ್ನ ಒಂಟಿಯಾಗಿ ಬಿಡ್ಬೇಡಿ. ಅವಳ ಎದುರೇ ಕೌನ್ಸಿಲರಿಗೆ ಅಥವಾ 14416ಕ್ಕೆ ಫೋನ್ ಮಾಡಿ, ಬೇಕಾದ್ರೆ ಜೊತೆಗೆ ಹೋಗಿ ಆಸ್ಪತ್ರೆಗೆ ಮುಟ್ಟಿಸಿ. ಮನೆಯವರಿಗೆ ಯಾರಿಗೆ ಹೇಳ್ಬೇಕು ಅಂತ ಅವಳತ್ರವೇ ಕೇಳಿ ಹೇಳಿ. ಹಾಸ್ಟೆಲಲ್ಲಿ ಮಾತ್ರೆ, ತೋಟ ಇರುವ ಮನೆಯಾದ್ರೆ ಅಲ್ಲಿ ಕೃಷಿಗೆ ಬಳಸುವ ಮದ್ದು, ಇದೆಲ್ಲ ಸ್ವಲ್ಪ ದಿವಸ ಬೀಗದ ಒಳಗೆ ಇರ್ಲಿ. ಅಂಥ ಯೋಚನೆ ತೀರಾ ಜೋರಾಗಿ ಇರುದು ಹೆಚ್ಚಾಗಿ ಸ್ವಲ್ಪ ಹೊತ್ತು, ಆ ಹೊತ್ತಲ್ಲಿ ಕೈಗೆ ಎಂತದೂ ಸಿಗದಿದ್ರೆ ಜೀವ ಉಳೀತದೆ. ಪೊಲೀಸ್ ಕೇಸ್ ಆಗ್ತದೆ ಅಂತ ಹೆದ್ರಿ ವಿಷಯ ಮುಚ್ಚುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಅಂತಲೇ ಪರಿಗಣಿಸ್ಬೇಕು, ಶಿಕ್ಷೆ ಕೊಡ್ಲಿಕ್ಕಿಲ್ಲ, ಚಿಕಿತ್ಸೆ ಕೊಡ್ಬೇಕು. ಮತ್ತೆ ಒಂದು ಮಾತು, ನೀವು ಒಬ್ರೇ ಇದನ್ನ ಹೊತ್ಕೊಳ್ಬೇಡಿ, ಇನ್ನೊಬ್ಬ ಅಧ್ಯಾಪಕರಾದ್ರೂ ಗೊತ್ತಿದ್ದವರು ಇರ್ಲಿ. ವಾರ ಬಿಟ್ಟು ಅವಳು ನಗ್ತಾ ಇದ್ರೂ ಪುನಃ ಒಮ್ಮೆ ಕೇಳಿ.

ಉಪ್ಪಳದ ತಾಯಿ: ಮಗ ಡಿಗ್ರಿಗೆ ಮಂಗಳೂರಿಗೆ ದಿನಾ ಹೋಗಿ ಬರ್ತಾನೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಟ್ರೈನಿಗೆ ಓಡ್ತಾನೆ, ಬರುವಾಗ ರಾತ್ರಿ. ಆಮೇಲೆ ಒಂದೂವರೆ ತನಕ ಫೋನು. ಬೈದ್ರೆ ಬಾಗಿಲು ಹಾಕ್ತಾನೆ. ಎಂತ ಮಾಡುದು?

ಅಕ್ಕಾ, ಬೈಯುದು ನಿಲ್ಲಿಸಿ, ಯಾಕಂದ್ರೆ ಆ ಫೋನಿನ ಹೊತ್ತೇ ಅವನಿಗೆ ದಿನದಲ್ಲಿ ತನ್ನದು ಅಂತ ಸಿಗುವ ಹೊತ್ತು. ಟ್ರೈನಲ್ಲಿ ನಿಂತು ಹೋಗಿ, ಕ್ಲಾಸಲ್ಲಿ ಕೂತು, ಪುನಃ ನಿಂತು ಬಂದವನಿಗೆ ಸ್ವಲ್ಪ ಆರಾಮ ಬೇಕು ಅನ್ನುದು ತಪ್ಪಲ್ಲ. ಹಾಗಾಗಿ ಆ ಹೊತ್ತನ್ನ ತೆಗೀಬೇಡಿ, ಹಿಂದೆ ತನ್ನಿ. ಬಂದ ಕೂಡ್ಲೆ "ಓದು ಎಲ್ಲಿಗೆ ಮುಟ್ಟಿತು" ಅಂತ ಕೇಳದೆ ಊಟ ಕೊಟ್ಟು ಒಂದು ಗಂಟೆ ಅವನಷ್ಟಕ್ಕೆ ಬಿಡಿ, ಹನ್ನೊಂದೂವರೆಗೆ ಫೋನು ಚಾವಡಿಯಲ್ಲಿ ಚಾರ್ಜಿಗೆ ಅಂತ ಮಾತಾಡಿ ಒಪ್ಪಿಸಿ, ಆದ್ರೆ ನಿಮ್ಮದೂ ಅವನ ಅಪ್ಪನದ್ದೂ ಫೋನು ಅಲ್ಲಿಯೇ ಇರ್ಬೇಕು, ಇಲ್ಲದಿದ್ರೆ ಅದು ನಡೆಯುದಿಲ್ಲ.

ತಿಂಡಿ ಕೂತು ತಿನ್ಲಿಕ್ಕೆ ಹೊತ್ತಿಲ್ಲದವನಿಗೆ ಟ್ರೈನಲ್ಲಿ ಒಂದು ಕೈಯಲ್ಲಿ ತಿನ್ನುವಂಥದ್ದು ಕಟ್ಟಿ ಕೊಡಿ, ಬೇಯಿಸಿದ ಮೊಟ್ಟೆ, ಚಟ್ನಿ ಸವರಿ ಸುರುಳಿ ಮಾಡಿದ ದೋಸೆ, ಬಾಳೆಹಣ್ಣು. ನೀರಿನ ಬಾಟ್ಲಿ ಖಾಲಿಯಾಗಿ ಬರ್ತದಾ ತುಂಬಿಯೇ ಬರ್ತದಾ ಅಂತ ಸಂಜೆ ಒಮ್ಮೆ ನೋಡಿ. ದೂರದಿಂದ ಹೋಗಿ ಬರುವ ಮಕ್ಕಳು ದಾರಿಯಲ್ಲಿ ಟಾಯ್ಲೆಟ್ ಸರಿ ಇಲ್ಲ ಅಂತ ನೀರೇ ಕುಡಿಯುದಿಲ್ಲ, ಮತ್ತೆ ತಲೆನೋವು, ಉರಿಮೂತ್ರ ಅಂತ ನಮ್ಮ ಹತ್ರ ಬರ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಜಾಸ್ತಿ.

ಮುಳ್ಳೇರಿಯದ ವಿದ್ಯಾರ್ಥಿನಿ: ಯಾವಾಗ್ಲೂ ಸುಸ್ತು, ಓದಿದ್ದು ತಲೆಗೆ ಹತ್ತುದಿಲ್ಲ, ಮೆಟ್ಟಿಲು ಹತ್ತಿದ್ರೆ ಏದುಸಿರು. ಹಿಮೋಗ್ಲೋಬಿನ್ 9.4. ಪೀರಿಯಡ್ಸ್ ಏಳೆಂಟು ದಿವಸ ಇರ್ತದೆ. ಕಬ್ಬಿಣದ ಮಾತ್ರೆ ತಿಂದ್ರೆ ಹೊಟ್ಟೆ ತೊಳಸ್ತದೆ ಅಂತ ಬಿಟ್ಟೆ.

ತಂಗೀ, ಹೆಂಗಸರಿಗೆ 12 ಇರ್ಬೇಕಾದಲ್ಲಿ ನಿನಗೆ 9.4, ಇದು ಸಣ್ಣ ಕೊರತೆ ಅಲ್ಲ, ನಿನ್ನ ಸುಸ್ತಿಗೂ ಓದಿದ್ದು ತಲೆಗೆ ಹತ್ತದ್ದಕ್ಕೂ ಇದೇ ಕಾರಣ ಇರ್ಬಹುದು. ಮಾತ್ರೆ ರಾತ್ರಿ ಊಟ ಆದ ಮೇಲೆ ತಕೋ, ಹೊಟ್ಟೆ ತೊಳಸುದು ಕಡಿಮೆ ಆಗ್ತದೆ, ಆದರೂ ಆಗದಿದ್ರೆ ಬೇರೆ ನಮೂನೆಯದ್ದು ಬರ್ಕೊಡ್ಲಿಕ್ಕೆ ಡಾಕ್ಟರಿಗೆ ಹೇಳು. ಚಾಯ, ಹಾಲು ಮಾತ್ರೆಯ ಹಿಂದೆ ಮುಂದೆ ಒಂದೆರಡು ಗಂಟೆ ಬೇಡ, ಕಬ್ಬಿಣ ಹೀರ್ಲಿಕ್ಕೆ ಬಿಡುದಿಲ್ಲ. ನಿಂಬೆ ಶರಬತ್ತೋ ನೆಲ್ಲಿಕಾಯಿಯೋ ಜೊತೆಗಿದ್ರೆ ಒಳ್ಳೇದು. ಮಲ ಕಪ್ಪಾಗ್ತದೆ, ಹೆದ್ರಬೇಡ. 12 ಮುಟ್ಟಿದ ಮೇಲೂ ಸಾಧಾರಣ ಮೂರು ತಿಂಗಳು ಮುಂದುವರಿಸ್ಬೇಕು. ಊಟದಲ್ಲಿ ಹುರುಳಿ, ನುಗ್ಗೆಸೊಪ್ಪು, ಹರಿವೆ, ಮೀನು ತಿನ್ನುವವಳಾದ್ರೆ ಬೂತಾಯಿ ಇರ್ಲಿ, ಆದ್ರೆ 9.4ನ್ನ ಬರೀ ಸೊಪ್ಪಿಂದ ಮೇಲೆ ತರ್ಲಿಕ್ಕೆ ಆಗುದಿಲ್ಲ. ಏಳೆಂಟು ದಿವಸ ಯಾಕೆ ಹೋಗ್ತದೆ ಅಂತಲೂ ನೋಡಿಸ್ಬೇಕು. ಇನ್ನೊಂದು, ಕೇರಳ ಸರಕಾರ 2023ರ ಜನವರಿಯಲ್ಲಿ ರಾಜ್ಯದ ಯೂನಿವರ್ಸಿಟಿಗಳ ವಿದ್ಯಾರ್ಥಿನಿಯರಿಗೆ ಮುಟ್ಟಿನ ರಜೆ ಕೊಟ್ಟಿದೆ, ಹಾಜರಿ 75ರ ಬದಲು ಶೇಕಡಾ 73 ಇದ್ರೆ ಸಾಕು. ಆಫೀಸಲ್ಲಿ ಕೇಳು, ನಾಚ್ಕೆ ಪಡುವಂಥದ್ದು ಏನಿಲ್ಲ.

ಹಾಸ್ಟೆಲ್ ವಿದ್ಯಾರ್ಥಿ, ಕುಂಬಳೆ: ನಮ್ಮ ಹಾಸ್ಟೆಲಲ್ಲಿ ಇಬ್ಬರಿಗೆ ಕಾಮಾಲೆ. ನಾವು ಬಿಸಿನೀರೇ ಕುಡಿಯುದು, ನಮಗೂ ಬರ್ತದಾ?

ಬಿಸಿನೀರು ಅಂದ್ರಲ್ಲ, ಅದನ್ನ ಹೇಗೆ ಮಾಡ್ತಾರೆ ಅಂತ ಅಡುಗೆಮನೆಗೆ ಹೋಗಿ ನೋಡಿ. ಕೆಲವು ಕಡೆ ಕುದಿಸಿದ ನೀರು ತುಂಬ ಬಿಸಿ ಅಂತ ಅದಕ್ಕೆ ತಣ್ಣೀರು ಸೇರಿಸಿ ಕೊಡ್ತಾರೆ, ಬಣ್ಣ ಬರ್ಲಿಕ್ಕೆ ಮರದ ಚಕ್ಕೆಯೂ ಹಾಕಿರ್ತಾರೆ, ನೋಡ್ಲಿಕ್ಕೆ ಕುದಿಸಿದ ನೀರು, ಒಳಗೆ ಅರ್ಧ ಬಾವಿ ನೀರೇ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹರಡುದು ಹಾಗೆ. ಚೆನ್ನಾಗಿ ಕುದಿಸಿ, ತಾನಾಗಿ ತಣೀಲಿಕ್ಕೆ ಬಿಡ್ಬೇಕು. ಬಾವಿಗೆ ಕ್ಲೋರಿನ್ ಹಾಕಿಸ್ಲಿಕ್ಕೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಬಾತ್‌ರೂಮಲ್ಲಿ ಸೋಪು ಉಂಟಾ ನೋಡಿ. ವೈರಸ್ ಒಳಗೆ ಹೋಗಿ ಲಕ್ಷಣ ಕಾಣ್ಲಿಕ್ಕೆ ಎರಡರಿಂದ ಏಳು ವಾರ ಆಗ್ಬಹುದು, ಹಾಗಾಗಿ ಈಗ ಯಾರಿಗೂ ಇಲ್ಲ ಅಂತ ಸುಮ್ನೆ ಕೂರ್ಬೇಡಿ. ವಾಕರಿಕೆ, ಜ್ವರ, ಮೂತ್ರ ಕಡು ಹಳದಿ ಆದ್ರೆ ರಕ್ತ ಪರೀಕ್ಷೆ ಮಾಡಿಸಿ, ಯಾರದ್ದೋ ಮಾತು ಕೇಳಿ ನಾಟಿ ಮದ್ದು ಕುಡಿದು ದಿನ ದೂಡ್ಬೇಡಿ. ಜ್ವರಕ್ಕೆ ಮಾತ್ರೆ ಕೂಡ ಡಾಕ್ಟರಲ್ಲಿ ಕೇಳಿಯೇ ತಕೊಳ್ಳಿ. ಕಾಮಾಲೆ ಬಂದ ಇಬ್ಬರಿಗೂ ಬೇರೆ ತಟ್ಟೆ ಲೋಟ ಇರ್ಲಿ, ಡಾಕ್ಟರ್ ಹೇಳುವ ತನಕ ಅವರು ಬಡಿಸುವ ಕೆಲಸಕ್ಕೆ ನಿಲ್ಲುದು ಬೇಡ.