ಬ್ರಾಂಟೋಸಾರಸ್, ಬ್ರಾಕಿಯೋಸಾರಸ್ ಒಂದೇ ಕುಟುಂಬವಾ?

ಮೇಡಂ, ಮಂಡ್ಯದ ಶಾಲೆಯ ವಸ್ತುಪ್ರದರ್ಶನಕ್ಕೆ ಮಗ ಮಾಡುತ್ತಿರುವ ಚಾರ್ಟಿನಲ್ಲಿ ಇವೆರಡನ್ನೂ ಒಂದೇ ಕುಟುಂಬದ ಕೆಳಗೆ ಬರೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಎರಡೂ ಸಾರೋಪಾಡ್‌ಗಳೇ (ಉದ್ದ ಕತ್ತಿನ, ಸಸ್ಯ ತಿನ್ನುವ ದೈತ್ಯ ಡೈನೋಸಾರ್‌ಗಳು), ಅವುಗಳೊಳಗಿನ ನಿಯೋಸಾರೋಪಾಡ ಎಂಬ ಗುಂಪಿನವೇ. ಆದರೆ ಅಲ್ಲಿಂದ ಕವಲು ಒಡೆಯುತ್ತದೆ. ಬ್ರಾಂಟೋಸಾರಸ್, ಡಿಪ್ಲೊಡೋಕಸ್ ಒಂದು ಕವಲಿಗೆ, ಅದು ಡಿಪ್ಲೊಡೋಕಾಯ್ಡಿಯ. ಬ್ರಾಕಿಯೋಸಾರಸ್, ಟೈಟನೋಸಾರ್‌ಗಳು ಇನ್ನೊಂದಕ್ಕೆ, ಅದು ಮ್ಯಾಕ್ರೊನೇರಿಯ.

ನೋಡಿ ಗುರುತಿಸಲು ಕಾಲು ಸಾಕು. ಬ್ರಾಕಿಯೋಸಾರಸ್‌ಗೆ ಮುಂಗಾಲು ಹಿಂಗಾಲಿಗಿಂತ ಉದ್ದ, ಹಾಗಾಗಿ ಬೆನ್ನು ಹಿಂದಕ್ಕೆ ಇಳಿಜಾರು. ಬ್ರಾಂಟೋಸಾರಸ್‌ಗೆ ಹಿಂಗಾಲೇ ಉದ್ದ, ಬಾಲದ ತುದಿ ತೀರಾ ತೆಳ್ಳಗೆ. ಹಲ್ಲು ಬರೆಯುವುದಾದರೆ ಡಿಪ್ಲೊಡೋಕಸ್‌ಗೆ ಪೆನ್ಸಿಲ್ ಆಕಾರದವು, ಬಾಯಿಯ ಮುಂಭಾಗದಲ್ಲಿ ಮಾತ್ರ.

ಬ್ರಾಂಟೋಸಾರಸ್ ಹೆಸರೇ ತಪ್ಪು ಅಂತ ತೀರ್ಪುಗಾರರು ಹೇಳಬಹುದು. 1903ರಲ್ಲಿ ಅದನ್ನು ಅಪಟೋಸಾರಸ್ ಎಂಬ ಹತ್ತಿರದ ಕುಲದೊಳಗೆ (genus) ಸೇರಿಸಿದ್ದು ನಿಜ, 2015ರ ಅಧ್ಯಯನ ಮತ್ತೆ ಬೇರೆ ಕುಲ ಎಂದಿತು. ಇದನ್ನು ಚಾರ್ಟಿನ ಮೂಲೆಯಲ್ಲಿ ಬರೆದಿಡಿ.

ನಮ್ಮ ದೇಶದ ಸಾರೋಪಾಡ್ ಆದ ಬರಪಸಾರಸ್ ಅನ್ನು ಖಂಡಿತ ಸೇರಿಸಿ. ಗೋದಾವರಿ ಕಣಿವೆಯಲ್ಲಿ ಸಿಕ್ಕಿದ್ದು, 1975ರಲ್ಲಿ ಹೆಸರಿಟ್ಟರು. ಅದು ಹಳೆಯದು, ಕವಲೊಡೆಯುವ ಮೊದಲೇ ಬರಬೇಕು. ಮೈಸೂರು, ಮಂಡ್ಯದಲ್ಲಿ ಡೈನೋಸಾರ್ ಪಳೆಯುಳಿಕೆ ಹುಡುಕಿ ಪ್ರಯೋಜನವಿಲ್ಲ. ಇಲ್ಲಿನ ಬಂಡೆ ಡೈನೋಸಾರ್‌ಗಳಿಗಿಂತ ಕೋಟ್ಯಂತರ ವರ್ಷ ಹಿಂದಿನದು.

ಮಾದರಿಗೆ 1:40 ಅಳತೆ ಒಳ್ಳೆಯದು: 22 ಮೀಟರಿನ ಬ್ರಾಂಟೋಸಾರಸ್ 55 ಸೆಂ.ಮೀ. ಆಗುತ್ತದೆ. ಥರ್ಮೋಕೋಲಿನ ಕತ್ತು ಮುರಿಯುತ್ತದೆ, ಮೂತಿಯಿಂದ ಬಾಲದವರೆಗೆ ಒಂದೇ ತಂತಿ ಹಾಯಿಸಿ. ಸ್ಪ್ರೇ ಪೇಂಟ್ ಥರ್ಮೋಕೋಲನ್ನು ಕರಗಿಸುತ್ತದೆ, ಪೋಸ್ಟರ್ ಕಲರ್ ಬಳಿಯಿರಿ. ಬಾಲ ನೆಲಕ್ಕೆ ತಾಗಬಾರದು.