ಡೆಡ್‌ಬೋಲ್ಟ್‌ಗೆ ಒಳಗಿನಿಂದಲೂ ಕೀಲಿಕೈ ಬೇಕೆ?

ಪ್ರಶ್ನೆ: ನಮ್ಮ ಮನೆಯ ಮುಂಬಾಗಿಲು ಸಾಗವಾನಿಯದು. ಇದುವರೆಗೆ ಹೊರಗಿನಿಂದ ಅಲ್‌ಡ್ರಾಪ್ ಎಳೆದು ಬೀಗ ಹಾಕುತ್ತಿದ್ದೆವು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದಾಗ ಯಾರೋ ಆ ಬೀಗವನ್ನು ಮೀಟಲು ನೋಡಿದ್ದಾರೆ. ಈಗ ಡೆಡ್‌ಬೋಲ್ಟ್, ಅಂದರೆ ಬಾಗಿಲಿನೊಳಗೇ ಕೂತು, ಕೀಲಿಕೈ ತಿರುಗಿಸಿದಾಗ ಚೌಕಟ್ಟಿನ ರಂಧ್ರದೊಳಕ್ಕೆ ಹೋಗುವ ಗಟ್ಟಿ ಬೋಲ್ಟಿನ ಬೀಗ, ಹಾಕಿಸಬೇಕೆಂದಿದ್ದೇವೆ. ಎರಡೂ ಕಡೆ ಕೀಲಿಕೈ ಇರುವುದೇ ಭದ್ರವೆಂದು ಅಂಗಡಿಯವರು ಹೇಳುತ್ತಾರೆ. ಮನೆಯಲ್ಲಿ 78 ವರ್ಷದ ತಾಯಿಯವರಿದ್ದಾರೆ. ಯಾವುದನ್ನು ಕೊಳ್ಳಬೇಕು?
— ಓದುಗರೊಬ್ಬರು, ಗಂಗಾವತಿ

ಉತ್ತರ: ಹೊರಗಿನಿಂದ ಕೀಲಿಕೈ, ಒಳಗಿನಿಂದ ಬೆರಳಲ್ಲಿ ತಿರುಗಿಸುವ ನಾಬ್ ಇರುವುದನ್ನೇ ಕೊಳ್ಳಿರಿ. ಎರಡೂ ಕಡೆ ಕೀಲಿಕೈ ಬೇಕಾಗುವುದನ್ನು ದಯವಿಟ್ಟು ತರಬೇಡಿ. ರಾತ್ರಿ ಅಡುಗೆಮನೆಯಲ್ಲಿ ಬೆಂಕಿ ಹತ್ತಿದರೆ, ಅಥವಾ ಕರೆಂಟ್ ಇಲ್ಲದ ಹೊತ್ತಿನಲ್ಲಿ ತಾಯಿಯವರಿಗೆ ಎದೆನೋವು ಬಂದು ನೆರೆಯವರನ್ನು ಕರೆಯಬೇಕಾದರೆ, ಹೊಗೆಯಲ್ಲೋ ಕತ್ತಲಲ್ಲೋ ಕೀಲಿಕೈ ಹುಡುಕುತ್ತ ನಿಲ್ಲುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಬಾಗಿಲ ಪಕ್ಕದ ಗಾಜು ಒಡೆದು, ಕೈ ತೂರಿಸಿ ಕಳ್ಳರು ನಾಬ್ ತಿರುಗಿಸಿಯಾರೆಂಬ ಭಯ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಆ ಗಾಜಿಗೆ ಕಬ್ಬಿಣದ ಗ್ರಿಲ್ ಹಾಕಿಸುವುದೇ ಹೊರತು ಮನೆಯವರನ್ನು ಒಳಗೆ ಕೂಡಿಹಾಕುವುದಲ್ಲ.

ಬಾಗಿಲು ಎಳೆದೊಡನೆ ತಾನಾಗಿ ಬೀಳುವ ಸಾಧಾರಣ ಲ್ಯಾಚಿನೊಳಗೆ ಸ್ಪ್ರಿಂಗ್ ಇರುವುದರಿಂದ ಸಂದಿಯಲ್ಲಿ ತೆಳುವಾದ ತಗಡು ತೂರಿಸಿ ಅದನ್ನು ಹಿಂದಕ್ಕೆ ತಳ್ಳಬಹುದು. ಡೆಡ್‌ಬೋಲ್ಟ್‌ನಲ್ಲಿ ಆ ಸ್ಪ್ರಿಂಗ್ ಇಲ್ಲ. ಕೀಲಿಕೈಯನ್ನೋ ನಾಬನ್ನೋ ತಿರುಗಿಸದ ಹೊರತು ಬೋಲ್ಟ್ ಹಿಂದೆ ಸರಿಯದು. ಹಾಗೆಯೇ, ಹೊರಡುವಾಗ ನೀವು ತಿರುಗಿಸದಿದ್ದರೆ ಅದು ಬೀಳುವುದೂ ಇಲ್ಲ. ಬೀಗ ತೂಗಾಡದ ಬಾಗಿಲನ್ನು ಕಂಡು ಮನೆ ಖಾಲಿಯಿದೆಯೆಂದು ಬೀದಿಯವರಿಗೆ ತಿಳಿಯದಿರುವುದು ಜಾತ್ರೆಗೆ ಹೋಗುವ ನಿಮ್ಮಂಥವರಿಗೆ ದೊಡ್ಡ ಅನುಕೂಲ.

ಅಂಗಡಿಗೆ ಹೋಗುವ ಮೊದಲು ಬಾಗಿಲಿನ ದಪ್ಪವನ್ನು ಅಳೆದುಕೊಳ್ಳಿರಿ. ಬೋಲ್ಟ್ ಗಟ್ಟಿ ಉಕ್ಕಿನದಾಗಿದ್ದು 25 ಮಿಲಿಮೀಟರಿನಷ್ಟು, ಅಂದರೆ ಒಂದು ಅಂಗುಲ, ಹೊರಚಾಚಬೇಕು. ಪೆಟ್ಟಿಗೆಯ ಮೇಲೆ ಅಮೆರಿಕದ ಮಾನಕ ಸಂಸ್ಥೆಯಾದ ಅನ್ಸಿಯ (ANSI) ಗ್ರೇಡ್ ನಮೂದಾಗಿದ್ದರೆ, 1ನೆಯದು ಎಲ್ಲಕ್ಕಿಂತ ಗಟ್ಟಿ, 3ನೆಯದು ಕಡಿಮೆ ಎಂಬುದು ನೆನಪಿರಲಿ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ಕೊಂಡವರಿದ್ದಾರೆ.

ಬೀಗಕ್ಕಿಂತ ಹೆಚ್ಚಿನ ಗಮನವನ್ನು ನಾನು ಚೌಕಟ್ಟಿಗೆ ಕೊಡುತ್ತೇನೆ. ಒದ್ದಾಗ ಅಥವಾ ಹಾರೆಯಿಂದ ಮೀಟಿದಾಗ ಸಾಮಾನ್ಯವಾಗಿ ಮುರಿಯುವುದು ಬೋಲ್ಟ್ ಅಲ್ಲ, ಅದು ಹೊಕ್ಕಿರುವ ರಂಧ್ರದ ಸುತ್ತಲಿನ ಮರ. ಆ ರಂಧ್ರದ ಮೇಲೆ ಕೂರುವ ಸ್ಟ್ರೈಕ್ ಪ್ಲೇಟಿಗೆ ಅರ್ಧ ಅಂಗುಲದ ಸ್ಕ್ರೂಗಳನ್ನು ಬಿಗಿದರೆ ಅವು ಮೇಲ್ಮೈಯನ್ನಷ್ಟೇ ಹಿಡಿದಿರುತ್ತವೆ. 3 ಅಂಗುಲದ ಸ್ಕ್ರೂಗಳನ್ನೇ ಹಾಕಬೇಕೆಂದು ಬಡಿಗರಿಗೆ ಹೇಳಿರಿ. ರಂಧ್ರವನ್ನು ಅವರು ಪೂರ್ಣ ಆಳಕ್ಕೆ ಕೊರೆದಿದ್ದಾರೆಯೇ ಎಂಬುದನ್ನೂ ನಿಂತು ನೋಡಿಕೊಳ್ಳಿರಿ, ಏಕೆಂದರೆ ಅರ್ಧಕ್ಕೇ ನಿಂತ ಬೋಲ್ಟ್ ಒಳಗೆ ಸರಿಯಾಗಿ ಕಚ್ಚಿಕೊಳ್ಳದೆ ಹಿಂದಕ್ಕೆ ಸರಿಯಬಹುದು. ಬಾಗಿಲು ಸಾಗವಾನಿಯದಾದರೂ ಚೌಕಟ್ಟು ಹಳೆಯ ಬೇವಿನದಿದ್ದರೆ, ಬುಡದಲ್ಲಿ ಸ್ಕ್ರೂಡ್ರೈವರಿನಿಂದ ಚುಚ್ಚಿ ಗೆದ್ದಲು ಹಿಡಿದಿದೆಯೇ ನೋಡಿರಿ. ಹಿಡಿದಿದ್ದರೆ ಮೊದಲು ಚೌಕಟ್ಟು ಬದಲಾಗಲಿ, ಬೀಗ ಆಮೇಲೆ.

ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ನಿಮ್ಮಲ್ಲಿ ಅಕ್ಕಿ ಗಿರಣಿಗಳ ಉಮಿಬೂದಿ. ಕೀಲಿರಂಧ್ರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟರೆ ಇವು ಅಂಟಿ ಒಳಗಿನ ಪಿನ್ನುಗಳು ಸಿಕ್ಕಿಕೊಳ್ಳುತ್ತವೆ. ಬದಲಿಗೆ ಚಿಟಿಕೆ ಗ್ರಾಫೈಟ್ ಪುಡಿ ಹಾಕಿರಿ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬೋಲ್ಟ್ ತಡೆದರೆ ಕೀಲಿಕೈಯನ್ನು ಬಲವಂತವಾಗಿ ತಿರುಗಿಸದೆ, ಸ್ಟ್ರೈಕ್ ಪ್ಲೇಟಿನ ಅಂಚನ್ನು ಅರದಿಂದ ತುಸು ಉಜ್ಜಿಸಿರಿ.